ಬ್ಯಾಂಕ್ ಕಟ್ಟಿದ ದಂಡ ಯಾರ ಪಾಲಾಯಿತು?

ಸುರತ್ಕಲ್‌ನ ಓದುಗರೊಬ್ಬರು ಬರೆದಿದ್ದಾರೆ: "ಫ್ರಾನ್ಸಿನ ಬ್ಯಾಂಕು ಸುಡಾನಿನ ಜೊತೆ ವ್ಯವಹಾರ ಮಾಡಿದರೆ ಅಮೆರಿಕಕ್ಕೇನು? ಬಿಎನ್‌ಪಿ ಪರಿಬಾಸ್ ಮೇಲೆ ಹಾಕಿದ ದಂಡ ಬರೀ ದಬ್ಬಾಳಿಕೆ ಅಲ್ವಾ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಿಮ್ಮೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನಿನ ಕಚ್ಚಾ ತೈಲವನ್ನು ತುಂಬಾ ಕೊಳ್ಳುತ್ತಿತ್ತು. ಡಾಲರಿನ ದಾರಿ ಮುಚ್ಚಿದ್ದಕ್ಕೆ 2012ರಲ್ಲಿ ಭಾರತ ತೈಲದ ಬೆಲೆಯ ಶೇ. 45 ಭಾಗವನ್ನು ಯೂಕೋ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ಕಟ್ಟುವ ಏರ್ಪಾಡು ಮಾಡಿಕೊಂಡಿತು. ಅಮೆರಿಕದ ನಿರ್ಬಂಧ ದೂರದ ಊರುಗಳಿಗೆ ಹೇಗೆ ತಟ್ಟುತ್ತದೆ ಎಂದು ನಿಮಗೆ ಬೇರೆಯವರು ಹೇಳಬೇಕಿಲ್ಲ.

ಆದರೆ ಭಾರತ ಮಾಡಿದ್ದೇ ಬೇರೆ, ಆ ಬ್ಯಾಂಕು ಮಾಡಿದ್ದೇ ಬೇರೆ. ಭಾರತ ಡಾಲರನ್ನು ಬಿಟ್ಟು, ಎಲ್ಲರ ಎದುರೇ ಇನ್ನೊಂದು ದಾರಿ ಹಿಡಿಯಿತು. ಬಿಎನ್‌ಪಿಗೆ ಡಾಲರೇ ಬೇಕಿತ್ತು. ಸುಡಾನಿನ ರಾಜಧಾನಿ ಖಾರ್ಟೂಮ್‌ನಿಂದ ಜಿನೀವಾಕ್ಕೆ ಹೋಗುವ ಹಣವಾದರೂ, ಡಾಲರಿನಲ್ಲಿದ್ದರೆ ಸಾಮಾನ್ಯವಾಗಿ ನ್ಯೂಯಾರ್ಕ್‌ನ ಬ್ಯಾಂಕೊಂದರ ಲೆಕ್ಕಪುಸ್ತಕ ಹಾದೇ ಹೋಗಬೇಕು. ಅಲ್ಲಿ ಅಮೆರಿಕದ ಕಾನೂನು ನಡೆಯುತ್ತದೆ. ಸುಡಾನಿನ ಮೇಲೆ ಆಗ ಅಮೆರಿಕದ ನಿರ್ಬಂಧವಿತ್ತು; ಅದರ ಹೆಸರು ಕಂಡರೆ ಹಣವನ್ನು ತಡೆಯುತ್ತಿದ್ದರು. ಹಾಗಾಗಿ ಬ್ಯಾಂಕಿನವರು ಪಾವತಿ ಸಂದೇಶದಿಂದ ಆ ಹೆಸರನ್ನೇ ತೆಗೆದುಹಾಕಿದರು. ನಡುವೆ ಬೇರೆ ಬ್ಯಾಂಕುಗಳನ್ನು ಇಟ್ಟು ಹಣದ ಮೂಲ ಮುಚ್ಚಿಟ್ಟರು. 2004ರಿಂದ 2012ರವರೆಗೆ ಸುಡಾನ್, ಇರಾನ್, ಕ್ಯೂಬಾಗಳ 880 ಕೋಟಿ ಡಾಲರಿಗೂ ಜಾಸ್ತಿ ಹಣ ಹೀಗೆ ಸಾಗಿತು. ಅದರಲ್ಲಿ ಸುಡಾನಿನದೇ ಸುಮಾರು 640 ಕೋಟಿ. ಸುಡಾನಿನ ಪಶ್ಚಿಮ ಭಾಗದ ಡಾರ್ಫರ್‌ನಲ್ಲಿ ಸರ್ಕಾರದ ಪಡೆಗಳು ಮತ್ತು ಅದರ ಬೆಂಬಲದ ಜಂಜಾವೀದ್ ದಂಡು ಹಳ್ಳಿಗಳನ್ನು ಸುಡುತ್ತಿದ್ದ ಕಾಲ ಅದು. ಬ್ಯಾಂಕಿನ ಒಳಗಿನವರೇ ಎಚ್ಚರಿಕೆ ಕೊಟ್ಟಿದ್ದರು. ಮೇಲಿನವರು ಕೇಳಲಿಲ್ಲ. 2014ರಲ್ಲಿ ಬ್ಯಾಂಕು ತಪ್ಪೊಪ್ಪಿಕೊಂಡು, ಸುಮಾರು 897 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಇದನ್ನು ಬರೀ ದಬ್ಬಾಳಿಕೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ನನ್ನ ಸಿಟ್ಟು ಇರುವುದು ಬೇರೆ ಕಡೆ. ಆ ದುಡ್ಡು ಹೋಗಿದ್ದು ಅಮೆರಿಕದ ಕೇಂದ್ರ ಸರ್ಕಾರಕ್ಕೆ, ನ್ಯೂಯಾರ್ಕ್‌ನ ಅಧಿಕಾರಿಗಳಿಗೆ. 2015ರಲ್ಲಿ ಅಮೆರಿಕದ ನ್ಯಾಯ ಇಲಾಖೆ, ಈ ಮೂರು ದೇಶಗಳ ಆಡಳಿತದಿಂದ ನೊಂದವರು ತಮ್ಮ ಕಥೆ ತಿಳಿಸಲಿ ಎಂದು ಕರೆ ಕೊಟ್ಟಿತು. ಆದರೆ ಅದೇ ವರ್ಷದ ಕೊನೆಗೆ ಅಲ್ಲಿನ ಸಂಸತ್ತು ದೊಡ್ಡ ಮೊತ್ತವನ್ನು, ಭಯೋತ್ಪಾದನೆಗೆ ತುತ್ತಾದ ಅಮೆರಿಕನ್ನರ ನಿಧಿಗಳಿಗೆ ತಿರುಗಿಸಿತು. ಅವರ ನೋವೂ ದೊಡ್ಡದೇ. ಆದರೆ ಹಳ್ಳಿ ಸುಟ್ಟುಹೋದದ್ದು ಡಾರ್ಫರ್‌ನವರದು. ಇನ್ನೊಂದು ಮಾತು: ಬ್ಯಾಂಕಿನ ಒಬ್ಬ ಅಧಿಕಾರಿಯ ಮೇಲೂ ಅಮೆರಿಕ ಮೊಕದ್ದಮೆ ಹೂಡಲಿಲ್ಲ.

2025ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಜ್ಯೂರಿಯೊಂದು, ಸುಡಾನಿನಿಂದ ಓಡಿಬಂದ ಮೂವರಿಗೆ ಈ ಬ್ಯಾಂಕು 2 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕು ಎಂದಿತು. ಮೇಲ್ಮನವಿ ಸಲ್ಲಿಸುತ್ತೇವೆ ಎಂದು ಬ್ಯಾಂಕು ಹೇಳಿತು. ಅಮೆರಿಕ ತಲುಪಿದ್ದರಿಂದಲೇ ಆ ಮೂವರು ಕೋರ್ಟಿನ ಮೆಟ್ಟಿಲು ಹತ್ತಲು ಆಯಿತು. ಪಕ್ಕದ ದೇಶ ಚಾಡ್‌ನ ನಿರಾಶ್ರಿತರ ಶಿಬಿರಗಳಲ್ಲಿ ಉಳಿದವರು ಎಲ್ಲಿಗೆ ಹೋಗಬೇಕು? ಇಂಥ ದಂಡದಲ್ಲಿ ಮೊದಲ ಪಾಲು ಆ ಹಣದಿಂದ ಪೆಟ್ಟು ತಿಂದವರಿಗೆ ಸೇರಬೇಕು ಎಂದು ಕಾನೂನಿನಲ್ಲೇ ಬರೆಯಬೇಕು. ದಬ್ಬಾಳಿಕೆಯ ಬಗ್ಗೆ ಬರೆದ ನೀವು, ಇದರ ಬಗ್ಗೆಯೂ ದನಿ ಎತ್ತಿ.