ಒಸಾಕಾಗೆ ಬರುತ್ತಿರುವ ತಮ್ಮನಿಗೆ: ಒಣ ತೋಫು ಬಗ್ಗೆ ಕೇಳಿದ್ದಕ್ಕೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಏಪ್ರಿಲ್‌ನಲ್ಲಿ ಕೆಲಸಕ್ಕೆಂದು ಒಸಾಕಾಗೆ ಬರುತ್ತಿದ್ದೀಯ. ಹಾಸನದ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟಿದವನಲ್ಲ. "ಅಲ್ಲಿ ಏನು ತಿಂದು ಬದುಕ್ತೀಯೋ" ಅಂತ ನಿನ್ನ ಅಮ್ಮ ದಿನಾ ಕೇಳುತ್ತಾರಂತೆ. ಇಲ್ಲಿ ಬಿಸ್ಕತ್ತಿನ ಹಾಗಿರುವ ಒಣ ತೋಫು (ಸೋಯಾ ಹಾಲಿನ ಪನೀರನ್ನು ಒಣಗಿಸಿದ್ದು) ಸಿಗುತ್ತದೆ, ಅದರಲ್ಲಿ ಅರ್ಧಕ್ಕರ್ಧ ಪ್ರೋಟೀನೇ ಅಂತ ಗೆಳೆಯ ಹೇಳಿದ್ದಾನೆ. ಅದು ನಿಜವಾ, ಇಲ್ಲ ಊರಿಂದ ಐದು ಕೆಜಿ ಮೀಲ್ ಮೇಕರ್ ಹೊತ್ತು ತರಲಾ ಅಂತ ಕೇಳಿದ್ದೀಯ.

ಮೀಲ್ ಮೇಕರ್ ಬೇಡ. ಗೆಳೆಯ ಹೇಳಿದ್ದು ನಿಜ, ಆದರೆ ಅದರಲ್ಲಿ ತಿಳಿದುಕೊಳ್ಳಬೇಕಾದ ಒಂದೆರಡು ವಿಷಯ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ. ಈ ವಿಷಯ ನನಗೆ ಬಂದ ಹೊಸದರಲ್ಲಿ ಯಾರೂ ಹೇಳಿರಲಿಲ್ಲ, ಅದರಿಂದ ಕಷ್ಟಪಟ್ಟೆ.

ನಾನು ಇಲ್ಲಿಗೆ ಬಂದು ಹದಿನಾರು ವರ್ಷ ಆಯಿತು. ಮೊದಲ ಎರಡು ವರ್ಷ ಅನ್ನ, ಮೊಸರು, ಉಪ್ಪಿನಕಾಯಿ, ಆಲೂಗಡ್ಡೆ ಪಲ್ಯ, ಬಾಳೆಹಣ್ಣು, ಬ್ರೆಡ್ಡು, ಇಷ್ಟರಲ್ಲೇ ದಿನ ದೂಡಿದೆ. ಹೊಟ್ಟೆ ತುಂಬುತ್ತಿತ್ತು, ಹಾಗಾಗಿ ಏನೂ ಕೊರತೆ ಇದೆ ಅನ್ನಿಸಲೇ ಇಲ್ಲ. ಎರಡನೇ ಚಳಿಗಾಲದಲ್ಲಿ ಸ್ಟೇಷನ್ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಕೂದಲು ಹಿಡಿಹಿಡಿ ಉದುರುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ, ಬಿ12 ಅದಕ್ಕಿಂತ ಕಡಿಮೆ. ಮೂರು ದಿನ ತಿಂದದ್ದನ್ನೆಲ್ಲ ಬರೆದು ತನ್ನಿ ಅಂದರು ಡಾಕ್ಟರು. ಬರೆದು ನೋಡಿದರೆ ಒಂಬತ್ತು ಊಟದಲ್ಲಿ ಬೇಳೆ ಬಂದದ್ದು ಒಂದೇ ಸಲ! ಊರಲ್ಲಿ ಹುಳಿ, ಕಾಳು ಪಲ್ಯ, ಕೋಸಂಬರಿ ಅಂತ ತಾನಾಗಿ ಬಾಯಿಗೆ ಬರುತ್ತಿತ್ತು. ಒಬ್ಬಳೇ ಇರುವಾಗ ಮೊದಲು ತಪ್ಪಿಹೋಗುವುದು ಅದೇ. ನಿನಗೂ ಹಾಗೇ ಆಗಬಹುದು, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ನನಗೆ ಈ ಒಣ ತೋಫು ಪರಿಚಯ ಮಾಡಿಸಿದ್ದು ಕೆಳಗಿನ ಮನೆಯ ಅಜ್ಜಿ. ಇಲ್ಲಿ ಕಾನ್ಸಾಯ್ ಕಡೆ ಇದಕ್ಕೆ ಕೋಯಾ ದೋಫು ಅನ್ನುತ್ತಾರೆ. ನಾಗಾನೊ, ತೊಹೊಕು ಕಡೆ ಶಿಮಿ ದೋಫು. ಅಂಗಡಿಯ ಪೊಟ್ಟಣದ ಮೇಲೆ ಕೆಲವೊಮ್ಮೆ ಕೋರಿ ದೋಫು ಅಂತಲೂ ಇರುತ್ತದೆ. ತಣ್ಣಗಿನ ಕಪಾಟಿನಲ್ಲಿ, ಹಸಿ ತೋಫು ಪಕ್ಕ ಹುಡುಕಿದರೆ ಸಿಗುವುದಿಲ್ಲ. ಒಣ ಅಣಬೆ, ಕೊಂಬು ಅನ್ನುವ ಕಡಲ ಪಾಚಿ, ಒಣಗಿಸಿದ ಮೂಲಂಗಿ ಇಟ್ಟಿರುವ ಕಡೆ ನೋಡು.

ಅಜ್ಜಿ ನನ್ನ ಕೈಯಲ್ಲೇ ಮಾಡಿಸಿದರು. ಒಣಗಿದಾಗ ಅದು ಅಂಗೈಗಿಂತ ಚಿಕ್ಕದು. ತಿಳಿ ಹಳದಿ, ಥರ್ಮೋಕೋಲ್ ಚೂರಿನಷ್ಟು ಹಗುರ. ಬೆರಳಲ್ಲಿ ತಟ್ಟಿದರೆ ಟಕಟಕ ಅನ್ನುತ್ತದೆ. ಅಗಲವಾದ ತಟ್ಟೆಯಲ್ಲಿ ಉಗುರು ಬೆಚ್ಚಗಿನಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಇರುವ ನೀರು ಹಾಕಿ ಅದರಲ್ಲಿ ಬಿಟ್ಟೆವು. ಮೊದಲು ತೇಲುತ್ತದೆ. ಮಗುಚಿ ಹಾಕಿದರೆ ನೀರು ಹೀರಿಕೊಂಡು ನಿಧಾನವಾಗಿ ಉಬ್ಬುತ್ತದೆ. ಆಮೇಲೆ ಎರಡು ಅಂಗೈ ನಡುವೆ ಇಟ್ಟು ಒತ್ತಬೇಕು, ಹಿಂಡಬಾರದು. ಹಿಂಡಿದರೆ ಒಡೆಯುತ್ತದೆ. ಅಕ್ಕಿ ತೊಳೆದ ನೀರಿನಂಥ ಬಿಳಿ ನೀರು ಹೊರಗೆ ಬಂತು. ಮತ್ತೆ ನೀರಲ್ಲಿ ಅದ್ದಿ, ಮತ್ತೆ ಒತ್ತಿ, ನೀರು ತಿಳಿಯಾಗುವವರೆಗೆ. ಈಗ ಬರುವ ಎಷ್ಟೋ ಪೊಟ್ಟಣಗಳಿಗೆ ಇಷ್ಟು ಕೆಲಸ ಬೇಡ, ನೇರವಾಗಿ ಸಾರಿಗೆ ಹಾಕಬಹುದು ಅಂತ ಬರೆದಿರುತ್ತದೆ. ನಾನು ಮಾತ್ರ ಈಗಲೂ ಅಜ್ಜಿ ಹೇಳಿಕೊಟ್ಟ ಹಾಗೆಯೇ ಮಾಡುತ್ತೇನೆ.

ಈಗ ನೀನು ಕೇಳಿದ ಲೆಕ್ಕಕ್ಕೆ ಬರೋಣ. ಜಪಾನ್ ಸರ್ಕಾರದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಒಣ ಕೋಯಾ ದೋಫುವಿನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್, 34 ಗ್ರಾಂ ಕೊಬ್ಬು, 630 ಮಿಲಿಗ್ರಾಂ ಕ್ಯಾಲ್ಸಿಯಂ, 7.5 ಮಿಲಿಗ್ರಾಂ ಕಬ್ಬಿಣ ಇದೆ. ಶಕ್ತಿ 500 ಕಿಲೋ ಕ್ಯಾಲೊರಿ ಹತ್ತಿರ ಹತ್ತಿರ. ಕೇಳೋಕೆ ಭರ್ಜರಿಯಾಗಿದೆ ಅಲ್ವಾ? ಆದರೆ 100 ಗ್ರಾಂ ಒಣದ್ದನ್ನು ಒಂದೇ ಸಲಕ್ಕೆ ಯಾರೂ ತಿನ್ನುವುದಿಲ್ಲ. ಒಂದು ತುಂಡು ಸುಮಾರು 16 ಗ್ರಾಂ. ನೆನೆಸಿ ಬೇಯಿಸಿದ ಮೇಲೆ ಅದೇ 80 ಗ್ರಾಂ ಆಗುತ್ತದೆ, ಉಳಿದದ್ದೆಲ್ಲ ನೀರು. ಬೇಯಿಸಿದ್ದರ 100 ಗ್ರಾಂ ಲೆಕ್ಕ ತೆಗೆದರೆ ಪ್ರೋಟೀನ್ 10.7 ಗ್ರಾಂ. ಮಾಮೂಲಿ ಗಟ್ಟಿ ತೋಫುವಿನಲ್ಲಿ 7 ಗ್ರಾಂ. ಅಂದರೆ ತಟ್ಟೆಗೆ ಬಂದ ಮೇಲೆ ಒಂದೂವರೆ ಪಟ್ಟು ಜಾಸ್ತಿ, ಏಳು ಪಟ್ಟು ಅಲ್ಲ. "ಅರ್ಧಕ್ಕರ್ಧ ಪ್ರೋಟೀನ್" ಅನ್ನುವ ಮಾತು ಪೊಟ್ಟಣದೊಳಗಿನ ಒಣ ತುಂಡಿಗೆ ಸರಿ, ನಿನ್ನ ತಟ್ಟೆಗೆ ಅಲ್ಲ.

ಹಾಗಂತ ಕಡೆಗಣಿಸಬೇಡ. ಒಂದು ತುಂಡಿನಲ್ಲಿ 8 ಗ್ರಾಂ ಪ್ರೋಟೀನ್ ಸಿಗುತ್ತದೆ. ಒಬ್ಬರಿಗೆ ಹುಳಿ ಮಾಡಲು 25-30 ಗ್ರಾಂ ತೊಗರಿಬೇಳೆ ಹಾಕುತ್ತೀಯ ಅಂದುಕೋ, ಅದರಲ್ಲಿ ಬರುವುದು 6 ಗ್ರಾಂ ಸುಮಾರು. ಅದೇ ಹುಳಿಗೆ ಎರಡು ತುಂಡು ಹಾಕಿದರೆ ಒಟ್ಟು 22 ಗ್ರಾಂ ಆಯಿತು. ವಯಸ್ಕ ಗಂಡಸಿಗೆ ದಿನಕ್ಕೆ 65 ಗ್ರಾಂ, ಹೆಂಗಸಿಗೆ 50 ಗ್ರಾಂ ಅಂತ ಜಪಾನಿನ ಮಾರ್ಗಸೂಚಿ ಹೇಳುತ್ತದೆ. ಮೂರನೇ ಒಂದು ಭಾಗ ಒಂದು ಬಟ್ಟಲಲ್ಲೇ ಬಂತು. ಸೋಯಾ ಪ್ರೋಟೀನಿನಲ್ಲಿ ಇನ್ನೊಂದು ಒಳ್ಳೆಯದಿದೆ. ಅಕ್ಕಿಯಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಸೋಯಾದಲ್ಲಿ ಅದು ಧಾರಾಳ. ಅನ್ನದ ಜೊತೆ ಇದು ಚೆನ್ನಾಗಿ ಹೊಂದುತ್ತದೆ.

ಕ್ಯಾಲ್ಸಿಯಂ ಇಷ್ಟು ಜಾಸ್ತಿ ಯಾಕೆ ಅಂದರೆ, ಇದನ್ನು ಮಾಡುವಾಗ ಸೋಯಾ ಹಾಲನ್ನು ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಒಡೆಸುತ್ತಾರೆ. ಆದರೆ ಇಲ್ಲಿಯೂ ತುಂಡಿನ ಲೆಕ್ಕ ನೋಡಬೇಕು. ಒಂದು ತುಂಡಿಗೆ 100 ಮಿಲಿಗ್ರಾಂ ಅಷ್ಟೆ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 350ರ ಆಸುಪಾಸು ಇರುತ್ತದೆ. ಹಾಸನದವನು ನೀನು, ರಾಗಿ ಬಿಟ್ಟು ಇದನ್ನು ಹಿಡಿಯಬೇಡ. ಎರಡೂ ಇರಲಿ.

ಇನ್ನು ಎಷ್ಟೋ ಜನ ತಪ್ಪು ತಿಳಿದುಕೊಳ್ಳುವ ವಿಷಯ. ಒಣಗಿಸಿದ್ದು ಅಂದಮೇಲೆ ತೋಫುವಿನಲ್ಲಿದ್ದದ್ದೆಲ್ಲ ಸಾಂದ್ರವಾಗಿ ಉಳಿದಿರಬೇಕು ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಇದು ಹಪ್ಪಳ, ಸಂಡಿಗೆ ಹಾಗೆ ಬಿಸಿಲಲ್ಲಿ ಒಣಗಿದ್ದಲ್ಲ. ಗಟ್ಟಿಯಾದ ತೋಫುವನ್ನು ಹೆಪ್ಪುಗಟ್ಟಿಸಿ, ಸೊನ್ನೆಗಿಂತ ಸ್ವಲ್ಪ ಕೆಳಗಿನ ಚಳಿಯಲ್ಲಿ ಸುಮಾರು ಮೂರು ವಾರ ಇಡುತ್ತಾರೆ. ಆಗ ಒಳಗೆ ಮಂಜುಗಡ್ಡೆಯ ಹರಳು ಬೆಳೆದು, ಪ್ರೋಟೀನ್ ಬಲೆಬಲೆಯಾಗಿ ಗಟ್ಟಿಯಾಗುತ್ತದೆ. ಸ್ಪಂಜಿನ ರೂಪ ಬರುವುದು ಹಾಗೆ. ಆಮೇಲೆ ಕರಗಿಸಿ, ನೀರು ಹಿಂಡಿ ತೆಗೆದು, ಕೊನೆಗೆ ಒಣಗಿಸುತ್ತಾರೆ. ಆ ಹಿಂಡಿದ ನೀರಿನ ಜೊತೆ ನೀರಲ್ಲಿ ಕರಗುವುದೆಲ್ಲ ಹೋಗುತ್ತದೆ. 100 ಗ್ರಾಂ ಹಸಿ ಗಟ್ಟಿ ತೋಫುವಿನಲ್ಲಿ 110 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೆ, ಮಾಮೂಲಿ ಕೋಯಾ ದೋಫುವಿನ 100 ಗ್ರಾಂನಲ್ಲಿ 34 ಮಾತ್ರ. ಬಿ1, ಫೋಲೇಟ್ ಅನ್ನುವ ವಿಟಮಿನ್‌ಗಳು ಕೂಡ ಹೆಸರಿಗಷ್ಟೇ ಉಳಿದಿರುತ್ತವೆ. ಹಾಲು ಸೋಸುವಾಗ ಚರಟ ತೆಗೆದುಬಿಡುವುದರಿಂದ ನಾರಿನ ಅಂಶವೂ ಕಡಿಮೆ. ಆದ್ದರಿಂದ ಸೊಪ್ಪು, ಕಾಳು, ತರಕಾರಿ ಬಿಟ್ಟು ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಇಲ್ಲಿ ಕೊಮಾತ್ಸುನಾ ಅನ್ನುವ ಸೊಪ್ಪು ವರ್ಷವಿಡೀ ಸಿಗುತ್ತದೆ, ನಮ್ಮ ಮಸ್ಸೊಪ್ಪಿಗೆ ಚೆನ್ನಾಗಿ ಒಗ್ಗುತ್ತದೆ.

ಬಿ12 ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡ. ಕೋಯಾ ದೋಫುವಿನಿಂದ ಅದು ಸಿಗುವುದಿಲ್ಲ. ಹಾಲು, ಮೊಸರು ತಪ್ಪಿಸಬೇಡ. ಬರುವ ಮೊದಲು ಊರಲ್ಲೇ ಒಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ. ಕಡಿಮೆ ಇದ್ದರೆ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ನನಗೆ ಮತ್ತೆ ಸರಿಯಾಗಲು ತಿಂಗಳುಗಳೇ ಹಿಡಿದವು.

ಕಬ್ಬಿಣದ ಬಗ್ಗೆಯೂ ಒಂದು ಮಾತು. ಸೋಯಾದಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಊಟದಲ್ಲಿ ನಿಂಬೆಹಣ್ಣೋ ದೊಣ್ಣೆ ಮೆಣಸಿನಕಾಯಿಯೋ ಇದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ಊಟ ಆದ ತಕ್ಷಣ ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ನಮ್ಮ ಕಡೆಯವರಿಗೆ ಇದು ಕಷ್ಟ, ಗೊತ್ತು. ಒಂದು ಗಂಟೆ ತಡೆದು ಕುಡಿ.

ಈಗ ಎಚ್ಚರಿಕೆ. ಸಸ್ಯಾಹಾರಿಗೆ ಇದು ಎಲ್ಲಕ್ಕಿಂತ ಮುಖ್ಯ. ಕೋಯಾ ದೋಫುವಿನಲ್ಲಿ ಇರುವುದು ಸೋಯಾ, ಒಡೆಸುವ ಲವಣ, ಮೆತ್ತಗಾಗಲು ಸ್ವಲ್ಪ ಅಡುಗೆ ಸೋಡಾ ಅಥವಾ ಪೊಟ್ಯಾಸಿಯಂ ಕಾರ್ಬೊನೇಟ್, ಅಷ್ಟೆ. ಆದರೆ ಕೆಲವು ಪೊಟ್ಟಣದೊಳಗೆ ಚಿಕ್ಕದೊಂದು ಸಾರಿನ ಪುಡಿಯ ಸ್ಯಾಶೆ ಇಟ್ಟಿರುತ್ತಾರೆ. ಅದು ದಾಶಿ. ಸಾಮಾನ್ಯವಾಗಿ ಕತ್ಸುವೊ ಮೀನಿಂದ ಮಾಡಿದ್ದು. ನಾನು ತಿಳಿಯದೆ ತಿಂಗಳುಗಟ್ಟಲೆ ಅದನ್ನು ಹಾಕಿಕೊಂಡು ತಿಂದೆ. ಒಂದು ದಿನ ಅಜ್ಜಿ ಸ್ಯಾಶೆಯ ಮೇಲಿನ ಮೀನಿನ ಹೆಸರು ತೋರಿಸಿ, "ನೀನು ಮೀನು ತಿನ್ನುವುದಿಲ್ಲ ಅಲ್ವಾ?" ಅಂದಾಗ ಅಲ್ಲೇ ಕೂತು ಅತ್ತುಬಿಟ್ಟೆ. ಅವರು ಅವತ್ತೇ ಕೊಂಬು ಮತ್ತು ಒಣ ಶಿಯಿತಾಕೆ ಅಣಬೆ ರಾತ್ರಿ ನೆನೆಹಾಕಿ ದಾಶಿ ತೆಗೆಯುವುದನ್ನು ಕಲಿಸಿಕೊಟ್ಟರು. ಹಾಗಾಗಿ ಬರೀ ತುಂಡುಗಳಿರುವ ಪೊಟ್ಟಣವನ್ನೇ ತೊಗೋ. ಫೋನ್ ಕ್ಯಾಮೆರಾ ಹಿಡಿದರೆ ಬರಹ ಅನುವಾದ ಆಗುತ್ತದೆ, ಪದಾರ್ಥಗಳ ಸಾಲನ್ನು ಪೂರ್ತಿ ಓದು. ಅಂಗಡಿಯ ಡಬ್ಬಿಯಲ್ಲಿ ಬೇಯಿಸಿಟ್ಟ ಕೋಯಾ ದೋಫು ನೋಡಲು ಶುದ್ಧ ಸಸ್ಯಾಹಾರದ ಹಾಗೆ ಕಂಡರೂ ಬೆಂದಿರುವುದು ಹೆಚ್ಚಾಗಿ ಮೀನಿನ ದಾಶಿಯಲ್ಲೇ.

ಪೌಷ್ಟಿಕಾಂಶದ ಚೌಕವನ್ನೂ ಓದಲು ಕಲಿ. "ತಾಂಪಾಕುಶಿತ್ಸು" ಅಂದರೆ ಪ್ರೋಟೀನ್, "ಶಿಶಿತ್ಸು" ಅಂದರೆ ಕೊಬ್ಬು. ಮೇಲೆ ಒಂದು ತುಂಡಿಗೆ ಅಂತ ಇದೆಯೋ, 100 ಗ್ರಾಂಗೆ ಅಂತ ಇದೆಯೋ ನೋಡಿಕೋ. ಅಲ್ಲೇ ಎಲ್ಲರೂ ಎಡವುವುದು.

ಮೀಲ್ ಮೇಕರ್ ಜೊತೆ ಹೋಲಿಸಿದ್ದೀಯಲ್ಲ, ಪ್ರೋಟೀನ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಮೀಲ್ ಮೇಕರ್ ಮಾಡುವುದು ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ, ಅದಕ್ಕೇ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ನಾರು ಜಾಸ್ತಿ. ಕೋಯಾ ದೋಫುವಿನಲ್ಲಿ ಸೋಯಾದ ಎಣ್ಣೆ ಉಳಿದಿರುತ್ತದೆ. ಒಂದು ತುಂಡಿಗೆ 80 ಕ್ಯಾಲೊರಿ. ಅದರಿಂದಲೇ ಬಾಯಿಗೆ ಮೃದು, ಆದರೆ ಅದರಿಂದಲೇ ಬೇಗ ಕೆಡುವುದು ಕೂಡ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡು. ಕಂದು ಬಣ್ಣಕ್ಕೆ ತಿರುಗಿ ಕಮಟು ವಾಸನೆ ಬಂದರೆ ಎಸೆದುಬಿಡು. ಇಂಗು, ಸಾರಿನ ಪುಡಿ ಪಕ್ಕ ಇಡಬೇಡ, ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಅಡುಗೆ ವಿಷಯಕ್ಕೆ ಬಂದರೆ, ಜಪಾನೀಯರ ಹಾಗೆ ಸಿಹಿ ಸಾರಲ್ಲಿ ಕುದಿಸಿದ್ದು ಮೊದಲ ಸಲ ನಿನಗೆ ಹಿಡಿಸದೇ ಇರಬಹುದು. ನಮ್ಮ ರೀತಿಯಲ್ಲಿ ಮಾಡು. ಒತ್ತಿ ನೀರು ತೆಗೆದ ತುಂಡನ್ನು ಬೆರಳಗಲ ಕತ್ತರಿಸಿ, ಕುದಿಯುವ ಹುಳಿಗೆ ಹಾಕಿ ಹತ್ತು ನಿಮಿಷ ಬಿಡು. ರಸವನ್ನೆಲ್ಲ ಹೀರಿಕೊಂಡು, ಕಚ್ಚಿದರೆ ಬಾಯಿ ತುಂಬ ಹುಳಿ ಬರುತ್ತದೆ. ಉಪ್ಪು ಹುಳಿ ಒಂಚೂರು ಮುಂದಿರಲಿ. ಇನ್ನೊಂದು, ಒಣ ತುಂಡನ್ನೇ ಕಾಯಿ ತುರಿಯುವ ಹಾಗೆ ತುರಿದರೆ ಸಣ್ಣ ರವೆಯ ಹಾಗೆ ಉದುರುತ್ತದೆ. ಅಕ್ಕಿ ರೊಟ್ಟಿ ಹಿಟ್ಟಿಗೆ, ಚಪಾತಿ ಹಿಟ್ಟಿಗೆ ಒಂದು ತುಂಡಿನ ಪುಡಿ ಕಲಸು. ಇದೆ ಅಂತ ಗೊತ್ತೇ ಆಗುವುದಿಲ್ಲ. ನನ್ನ ಮಗಳು ಸಬ್ಬಸಿಗೆ ಸೊಪ್ಪಿನ ಅಕ್ಕಿ ರೊಟ್ಟಿಯಲ್ಲಿ ಇದನ್ನು ಚಿಕ್ಕಂದಿನಿಂದ ತಿಂದು ಬೆಳೆದಳು.

ನಿನ್ನ ಅಮ್ಮ ಆರು ತಿಂಗಳಾದ ಮೇಲೆ ಬರುತ್ತಾರೆ, ಅವರಿಗೆ ಥೈರಾಯ್ಡ್ ಮಾತ್ರೆ ಇದೆ ಅಂದಿದ್ದೀಯ. ಸೋಯಾ ಆ ಮಾತ್ರೆ ಮೈಗೆ ಹತ್ತುವುದನ್ನು ತಡೆಯಬಹುದು. ಮಾತ್ರೆಗೂ ಸೋಯಾ ಊಟಕ್ಕೂ ಎಷ್ಟು ಅಂತರ ಇರಬೇಕು ಅಂತ ಅವರ ಡಾಕ್ಟರನ್ನು ಕೇಳಿಕೊಂಡು ಬರಲಿ.

ಅವರು ಬಂದಾಗ ಕೋಯಾಸಾನ್‌ಗೆ ಕರೆದುಕೊಂಡು ಹೋಗು. ಒಸಾಕಾದ ನಾಂಬಾ ಸ್ಟೇಷನ್ನಿಂದ ನಾಂಕಾಯ್ ರೈಲು, ಕೊನೆಯಲ್ಲಿ ಕೇಬಲ್ ಕಾರು. 816ರಲ್ಲಿ ಕೂಕಾಯ್ ಎಂಬ ಬೌದ್ಧ ಗುರು ನೆಲೆ ಹಾಕಿದ ಬೆಟ್ಟ ಅದು. ಒಣ ತೋಫುವಿಗೆ ಹೆಸರು ಬಂದದ್ದು ಅಲ್ಲಿಂದಲೇ. ಚಳಿಗಾಲದ ರಾತ್ರಿ ಹೊರಗೆ ಉಳಿದ ತೋಫು ಹೆಪ್ಪುಗಟ್ಟಿ, ಅದನ್ನು ಕರಗಿಸಿ ತಿಂದಾಗ ಈ ರುಚಿ ಗೊತ್ತಾಯಿತು ಅಂತ ಕಥೆ ಹೇಳುತ್ತಾರೆ. ಈಗ ಹೆಚ್ಚಿನ ಪಾಲು ತಯಾರಾಗುವುದು ನಾಗಾನೊದಲ್ಲಿ. ಕೋಯಾಸಾನ್‌ನ ಮಠಗಳಲ್ಲಿ ರಾತ್ರಿ ಉಳಿದರೆ ಊಟ ಸಸ್ಯಾಹಾರವೇ, ದಾಶಿ ಕೂಡ ಕೊಂಬುವಿನದು. ನನ್ನ ಅಮ್ಮ ಬಂದಾಗ ಜಪಾನಿನಲ್ಲಿ ಅವರು ಏನನ್ನೂ ಕೇಳದೆ, ಅನುಮಾನ ಪಡದೆ ಪೂರ್ತಿ ಊಟ ಮಾಡಿದ್ದು ಅಲ್ಲೊಂದೇ ಕಡೆ.

ಮೀಲ್ ಮೇಕರ್‌ಗೆ ಇಟ್ಟಿದ್ದ ಐದು ಕೆಜಿ ಜಾಗದಲ್ಲಿ ಸಾರಿನ ಪುಡಿ, ಹುಳಿ ಪುಡಿ, ಇಂಗು, ಒಂದು ಪುಟ್ಟ ಕುಕ್ಕರ್ ತಾ. ಇಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಇರುವುದಿಲ್ಲ, ಇಂಡಕ್ಷನ್ ಒಲೆ ಇರುತ್ತದೆ. ಅದಕ್ಕೆ ಆಗುವಂಥ ತಳ ಇದೆಯಾ ಅಂತ ನೋಡಿ ತೊಗೋ. ಬೇಳೆ, ರಾಗಿ ಹಿಟ್ಟು ಕೋಬೆಯ ಇಂಡಿಯನ್ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಬಂದ ಮೊದಲ ಭಾನುವಾರ ಫೋನ್ ಮಾಡು, ಅಂಗಡಿಗೆ ಒಟ್ಟಿಗೆ ಹೋಗೋಣ.