1:87ರ ಮನೆಗಳ ಪಕ್ಕ 1:64ರ ಕಾರು, ಗೊಂಬೆ ಇಡಬಹುದಾ?

ಬೇಡ, ಅಕ್ಕಪಕ್ಕ ಇಟ್ಟರೆ ಅಳತೆಯ ವ್ಯತ್ಯಾಸ ಎದ್ದು ಕಾಣುತ್ತದೆ. 1:87 ಅಂದರೆ ನಿಜವಾದ ಗಾತ್ರದ 87ನೇ ಒಂದು ಪಾಲು, 1:64 ಅಂದರೆ 64ನೇ ಒಂದು ಪಾಲು. ನೀವು ದಸರಾ ಗೊಂಬೆ ಸಾಲಿಗೆ ಗಾಂಧಿ ಬಜಾರಿನ ಬೀದಿ ಮಾಡುತ್ತಿದ್ದೀರಿ. ನೋಡುವವರ ಕಣ್ಣು ಮೊದಲು ಹೋಗುವುದೇ ಬಾಗಿಲು ಮತ್ತು ಮನುಷ್ಯರ ಮೇಲೆ. 2.1 ಮೀಟರ್ ಬಾಗಿಲು 1:87ರಲ್ಲಿ 24 ಮಿಲಿಮೀಟರ್. 170 ಸೆಂಟಿಮೀಟರ್ ಎತ್ತರದ ಮನುಷ್ಯ 1:64ರಲ್ಲಿ ಸುಮಾರು 27. ತನ್ನ ಮನೆ ಬಾಗಿಲಿಗಿಂತ ಅವನೇ ಎತ್ತರ!

1:72 ಮತ್ತು 1:76 ಬೆರೆಸಿದರೆ ಪರವಾಗಿಲ್ಲ, ಅದೇ ಬಾಗಿಲಿನ ಎತ್ತರದಲ್ಲಿ ವ್ಯತ್ಯಾಸ ಬರೀ ಒಂದೂವರೆ ಮಿಲಿಮೀಟರ್ ಅಷ್ಟೆ. ಮರ, ಬಂಡೆಗಳಿಗಂತೂ ಈ ಚಿಂತೆಯೇ ಇಲ್ಲ. ನಿಜವಾದ ಮರಗಳೂ ಒಂದೇ ಎತ್ತರ ಇರಲ್ಲ, ಅಲ್ವಾ?

ಆ ಕಾರುಗಳೇ ಇಷ್ಟ ಅಂದರೆ ಮುಂದಿನ ಸಾಲಿಗೆ ತನ್ನಿ, ಮನೆಗಳನ್ನು ಸಾಕಷ್ಟು ಹಿಂದಕ್ಕೆ ತಳ್ಳಿ. ಚಿಕ್ಕದನ್ನು ಕಣ್ಣು ದೂರದ್ದು ಅಂತಲೇ ನಂಬುತ್ತದೆ. ಇನ್ನು ಮುಂದೆ ಮನೆ ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ಸಾಲದು, ಬಾಗಿಲನ್ನೂ ಸ್ಕೇಲಿನಲ್ಲಿ ಅಳೆದು ನೋಡಿ.