ಡ್ರೈಯರ್ ಗಲಾಟೆ: ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಡ್ರೈಯರ್ ಸದ್ದಿನ ಬಗ್ಗೆಯೇ. ನಮ್ಮಲ್ಲಿ ಡ್ರೈಯರ್ ಎಂದರೆ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಪಕ್ಕದ ಚಿಕ್ಕ ಟಬ್. ಅದು ಬಟ್ಟೆಯನ್ನು ಗಿರಗಿರನೆ ತಿರುಗಿಸಿ ನೀರು ತೆಗೆಯುತ್ತದೆ, ಅಷ್ಟೇ, ಬಿಸಿ ಮಾಡುವುದಿಲ್ಲ. ಅಮೆರಿಕದ ಮನೆಗಳ ಡ್ರೈಯರ್ ಬಿಸಿಗಾಳಿಯಲ್ಲಿ ಬಟ್ಟೆ ಹೊರಳಿಸುವ ಬೇರೆಯೇ ಯಂತ್ರ. ಅಲ್ಲಿಂದಲೂ ಒಂದು ಪತ್ರವಿದೆ.

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ 7 ಕೆ.ಜಿ. ಸೆಮಿ ಆಟೋಮ್ಯಾಟಿಕ್. ಡ್ರೈಯರ್ ಹಾಕಿದರೆ ದಡದಡ ಎಂದು ಇಡೀ ಮೆಷಿನ್ ಕುಣಿಯುತ್ತದೆ. ರಿಪೇರಿಯವರು ನೋಡಿ ಮೋಟರ್ ಹೋಗಿದೆ, ಬದಲಿಸಬೇಕು ಅಂದರು. ನಿಜವೇ? – ದಾವಣಗೆರೆ

ಉತ್ತರ: ದಡದಡ ಸದ್ದಿಗೆ ಮೋಟರ್ ಕಾರಣವಾಗುವುದು ಅಪರೂಪ. ಪೂರ್ಣ ವೇಗದಲ್ಲಿ ತಿರುಗುತ್ತಿರುವ ಮೋಟರ್ ‘ಹೋಗಿದೆ’ ಎಂದರೆ ನಂಬಬೇಡಿ. ಮೊದಲು ಟಬ್ ಖಾಲಿ ಇಟ್ಟು ಅರ್ಧ ನಿಮಿಷ ಓಡಿಸಿ.

ಖಾಲಿ ಇದ್ದಾಗ ಸದ್ದಿಲ್ಲವೆಂದರೆ ತಪ್ಪಿರುವುದು ಬಟ್ಟೆ ತುಂಬುವ ರೀತಿಯಲ್ಲಿ. ಈ ಟಬ್ ನಿಮಿಷಕ್ಕೆ ಸುಮಾರು 1,300ರಿಂದ 1,400 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಒಂದು ಒದ್ದೆ ಜೀನ್ಸ್ ಒಂದೇ ಮಗ್ಗುಲಿಗೆ ಕೂತರೂ ಸಾಕು, ಮೆಷಿನ್ ನಡೆಯತೊಡಗುತ್ತದೆ. ಭಾರದ ಬಟ್ಟೆಯನ್ನು ತಳದಲ್ಲಿ ಸುತ್ತಲೂ ಹರಡಿ, ಹಗುರವಾದದ್ದನ್ನು ಮೇಲಿಟ್ಟು, ಕೈಯಿಂದ ಚೆನ್ನಾಗಿ ಅದುಮಿ. ಮೇಲೆ ಪ್ಲಾಸ್ಟಿಕ್ಕಿನ ಒಳಮುಚ್ಚಳ ಇಡಲೇಬೇಕು. ಹೊಸದರಲ್ಲಿ ಜೊತೆಗೆ ಬಂದಿದ್ದ ಆ ತೂತಿನ ಬಿಲ್ಲೆ ಎಷ್ಟೋ ಮನೆಗಳಲ್ಲಿ ಆರೇ ತಿಂಗಳಿಗೆ ಕಾಣೆಯಾಗಿರುತ್ತದೆ. ಅದಿಲ್ಲದಿದ್ದರೆ ಕರ್ಚೀಫು, ಕಾಲುಚೀಲ ಮೇಲಕ್ಕೆದ್ದು ಒಳಟಬ್ಬಿಗೂ ಹೊರಟಬ್ಬಿಗೂ ನಡುವಿನ ಸಂದಿಗೆ ಜಾರುತ್ತವೆ. ಗಾಲಿಯ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರೆ ಇಳಿಸಿ, ನಾಲ್ಕು ಕಾಲೂ ನೆಲಕ್ಕೆ ಸಮನಾಗಿ ತಾಗುವಂತಿಟ್ಟು ಇನ್ನೊಮ್ಮೆ ನೋಡಿ.

ಖಾಲಿ ಇದ್ದರೂ ದಡದಡ ಎಂದರೆ ಸ್ಪ್ರಿಂಗ್ ನೋಡಬೇಕು. ಡ್ರೈಯರ್ ಮೋಟರ್ ಮೂರು ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತದೆ, ಅವುಗಳ ಜೊತೆಗೆ ರಬ್ಬರ್ ಇರುತ್ತದೆ. ಪ್ಲಗ್ ತೆಗೆದು, ಮುಚ್ಚಳ ತೆರೆದು, ಒಳಟಬ್ಬಿನ ಅಂಚನ್ನು ಒಂದು ಬದಿಗೆ ಒತ್ತಿ ಬಿಡಿ. ಓಲಾಡಿ ನೆಟ್ಟಗೆ ನಿಂತರೆ ಸರಿ. ವಾಲಿದ್ದು ವಾಲಿಯೇ ಉಳಿದರೆ ಆ ಬದಿಯ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದಿದೆ, ಇಲ್ಲವೇ ಕುಸಿದಿದೆ.

ಬದಲಿಸುವುದು ಹೀಗೆ. ಪ್ಲಗ್ ಕಿತ್ತು, ಪೈಪಿನ ನೀರೆಲ್ಲ ಇಳಿಸಿ, ಹಿಂದಿನ ಕವರಿನ ಸ್ಕ್ರೂ ಬಿಚ್ಚಿ. ಯಾವುದನ್ನೂ ಮುಟ್ಟುವ ಮುಂಚೆ ವೈರುಗಳ ಫೋಟೋ ತೆಗೆದುಕೊಳ್ಳಿ. ಮೋಟರ್ ಚಾಲೂ ಆಗಲು ವಿದ್ಯುತ್ ಕೂಡಿಡುವ ಬಿಡಿಭಾಗವಾದ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಹಿಡಿ ಪ್ಲಾಸ್ಟಿಕ್ಕಿನದಾದ ಸ್ಕ್ರೂಡ್ರೈವರಿನಿಂದ ಅದರ ತುದಿಗಳನ್ನು ಒಂದಕ್ಕೊಂದು ತಾಗಿಸಿ ಖಾಲಿ ಮಾಡಿ. ಈಗ ಮೋಟರಿನ ನೆತ್ತಿಯ ಮೇಲೆ, ಅದನ್ನು ಟಬ್ಬಿಗೆ ಜೋಡಿಸುವ ದುಂಡನೆಯ ಕಪ್ಲಿಂಗ್ ಕಾಣುತ್ತದೆ. ಟಬ್ಬಿನ ಶಾಫ್ಟನ್ನು (ತಿರುಗುವ ಅಚ್ಚನ್ನು) ಹಿಡಿದಿರುವ ಬೋಲ್ಟ್ ಅದರ ಪಕ್ಕದಲ್ಲಿದ್ದು, ಬೋಲ್ಟ್ ಸಡಿಲವಾಗದಂತೆ ಒಂದು ಲಾಕ್ ನಟ್ ಇರುತ್ತದೆ. ಮೊದಲು ಲಾಕ್ ನಟ್, ಆಮೇಲೆ ಬೋಲ್ಟ್ ಸಡಿಲಿಸಿ ಟಬ್ಬನ್ನು ಮೇಲಕ್ಕೆತ್ತಿ. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಸುತ್ತಿಗೆ ಹಿಡಿಯಬೇಡಿ. ತುಕ್ಕು ಬಿಡಿಸುವ ಎಣ್ಣೆ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಕಾಯಿರಿ. ಸ್ಪ್ರಿಂಗ್ ಒಂದೇ ಮುರಿದಿದ್ದರೂ ಮೂರನ್ನೂ ಹೊಸದು ಹಾಕಿ. ಹಳೆಯ ಎರಡರ ಜೊತೆ ಹೊಸದೊಂದು ಹಾಕಿದರೆ ಎತ್ತರ ಹೆಚ್ಚುಕಡಿಮೆಯಾಗಿ ಟಬ್ ಮತ್ತೆ ವಾಲುತ್ತದೆ. ಅಂಗಡಿಗೆ ಹಳೆಯದನ್ನೇ ಒಯ್ಯಿರಿ, ಮಾಡೆಲ್‌ನಿಂದ ಮಾಡೆಲ್‌ಗೆ ಉದ್ದ ಬೇರೆ.

ಮರಳಿ ಜೋಡಿಸುವಾಗ ಎಡವುವುದು ಒಂದೇ ಕಡೆ. ಶಾಫ್ಟಿನ ಕೆಳತುದಿಯಲ್ಲಿ ಬೋಲ್ಟ್ ಕೂರಲೆಂದೇ ಒಂದು ತಗ್ಗು ಇರುತ್ತದೆ. ಬೋಲ್ಟ್ ಆ ತಗ್ಗಿಗೇ ಬಿದ್ದಿದೆಯೇ ಎಂದು ಟಬ್ಬನ್ನು ಚೂರು ಅತ್ತಿತ್ತ ತಿರುಗಿಸಿ ನೋಡಿ, ಬಿಗಿ ಮಾಡಿ, ಲಾಕ್ ನಟ್ ಕಟ್ಟಿ. ತಗ್ಗು ತಪ್ಪಿದರೆ ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಟಕ್ ಟಕ್ ಶುರುವಾಗುತ್ತದೆ. ಹೇಗೂ ಬಿಚ್ಚಿದ್ದೀರಿ, ತಳದ ಜಾಲರಿ ಹರಿದಿದ್ದರೆ ಅದನ್ನೂ ಮುಚ್ಚಿಬಿಡಿ. ಇಲಿಗಳಿಗೆ ವೈರೆಂದರೆ ಬಲು ಇಷ್ಟ.

ಪ್ರಶ್ನೆ: ಮಳೆಗಾಲ ಬಂದ ಮೇಲೆ ಡ್ರೈಯರಿನಿಂದ ಕಿರ್ರ್ ಎಂಬ ಸದ್ದು. ಒಮ್ಮೊಮ್ಮೆ ರಬ್ಬರ್ ಸುಟ್ಟ ವಾಸನೆ. ಏನಿರಬಹುದು? – ಪುತ್ತೂರು

ಉತ್ತರ: ವಾಸನೆ ಇದೆಯೆಂದರೆ ಮೊದಲ ಅನುಮಾನ ಬ್ರೇಕಿನ ಮೇಲೆ. ಮುಚ್ಚಳ ಹಾಕಿದಾಗ ಒಂದು ತಂತಿ ಬ್ರೇಕಿನ ಕಟ್ಟೆಯನ್ನು ಕಪ್ಲಿಂಗಿನಿಂದ ದೂರ ಎಳೆದು ಹಿಡಿಯುತ್ತದೆ. ಮುಚ್ಚಳ ತೆಗೆದರೆ ಕಟ್ಟೆ ಬಂದು ಒತ್ತಿ ಟಬ್ ನಿಲ್ಲುತ್ತದೆ. ತಂತಿ ವರ್ಷಗಳಲ್ಲಿ ಜಗ್ಗಿ ಸಡಿಲವಾದರೆ ಮುಚ್ಚಳ ಹಾಕಿದ್ದರೂ ಕಟ್ಟೆ ಉಜ್ಜುತ್ತಲೇ ಇರುತ್ತದೆ. ಪ್ಲಗ್ ತೆಗೆದು, ಮುಚ್ಚಳ ಹಾಕಿ, ಹಿಂದಿನಿಂದ ಕಪ್ಲಿಂಗನ್ನು ಕೈಯಲ್ಲಿ ತಿರುಗಿಸಿ. ಕಟ್ಟೆಗೂ ಅದಕ್ಕೂ ಕಣ್ಣಿಗೆ ಕಾಣುವಷ್ಟು ಸಂದು ಬೇಕು. ಇಲ್ಲವಾದರೆ ತಂತಿಯನ್ನು ತುಸು ಎಳೆದು ಕಟ್ಟಿ. ಅತಿಯಾಗಿ ಎಳೆದರೆ ಬ್ರೇಕೇ ಹಿಡಿಯದು. ಹೊಂದಿಸಿದ ಮೇಲೆ ಓಡಿಸಿ ಮುಚ್ಚಳ ಎತ್ತಿ ನೋಡಿ: 15 ಸೆಕೆಂಡಿನೊಳಗೆ ಟಬ್ ನಿಲ್ಲದಿದ್ದರೆ ಬಳಸಬೇಡಿ. ಮುಚ್ಚಳ ತೆರೆದರೆ ಮೋಟರ್ ನಿಲ್ಲಿಸುವ ಸ್ವಿಚ್ಚನ್ನು ‘ಡೈರೆಕ್ಟ್’ ಮಾಡಿ, ಅಂದರೆ ಅದಿಲ್ಲದೆಯೇ ಓಡುವಂತೆ ಮಾಡಿಕೊಡುವ ರಿಪೇರಿಯವರಿದ್ದಾರೆ. ಅದಕ್ಕೆ ಒಪ್ಪಲೇಬೇಡಿ, ತಿರುಗುವ ಟಬ್ಬಿಗೆ ಕೈ ಹಾಕಿದ ಮಗುವಿನ ಬೆರಳು ಬಟ್ಟೆಗೆ ಸುತ್ತಿಕೊಂಡರೆ ಬಿಡಿಸಲಾಗದು.

ವಾಸನೆ ಇಲ್ಲದೆ ಬರೀ ಕೀಂಯ್ ಎಂಬ ಸದ್ದಾದರೆ, ಶಾಫ್ಟನ್ನು ಹಿಡಿದು ತಿರುಗಲು ಬಿಡುವ ಬಳೆಗೆ, ಅಂದರೆ ಮೋಟರಿನ ಬುಷ್‌ಗೆ ನೀರು ಇಳಿದಿದೆ. ಶಾಫ್ಟ್ ಹೊರಟಬ್ಬಿನ ತಳ ದಾಟುವಲ್ಲಿ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಹರಿದರೆ ಹನಿಹನಿಯಾಗಿ ನೀರು ನೇರ ಮೋಟರಿನ ಮೇಲೆಯೇ ಬೀಳುತ್ತದೆ. ಪರೀಕ್ಷೆ ಸುಲಭ: ಪ್ಲಗ್ ತೆಗೆದು, ಡ್ರೇನ್ ಪೈಪನ್ನು ಮೇಲೆತ್ತಿ ಕಟ್ಟಿ, ಮೆಷಿನ್ ಕೆಳಗೆ ಹಳೆ ಪೇಪರ್ ಹಾಸಿ, ಡ್ರೈಯರಿಗೆ ಎರಡು ಮಗ್ ನೀರು ಸುರಿಯಿರಿ. ಹತ್ತು ನಿಮಿಷದಲ್ಲಿ ಪೇಪರ್ ಒದ್ದೆಯಾದರೆ ಸೀಲ್ ಹೋಗಿದೆ. ಸೀಲ್ ಬಿಟ್ಟು ಮೋಟರ್ ಮಾತ್ರ ಬದಲಿಸಿದರೆ ಹೊಸ ಮೋಟರಿಗೂ ಮುಂದಿನ ಮಳೆಗಾಲಕ್ಕೆ ಅದೇ ಗತಿ.

ಪ್ರಶ್ನೆ: ಗುಂಯ್ ಎನ್ನುತ್ತದೆ, ಆದರೆ ತಿರುಗುವುದೇ ಇಲ್ಲ. – ಗಂಗಾವತಿ

ಉತ್ತರ: ತಕ್ಷಣ ಆಫ್ ಮಾಡಿ, ಹಾಗೇ ಬಿಟ್ಟರೆ ಮೋಟರಿನೊಳಗಿನ ತಂತಿಸುರುಳಿ (ವೈಂಡಿಂಗ್) ಸುಡುತ್ತದೆ. ಪ್ಲಗ್ ತೆಗೆದು, ಮುಚ್ಚಳ ಹಾಕಿ, ಹಿಂದಿನಿಂದ ಕಪ್ಲಿಂಗ್ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಬಹುತೇಕ ಕೆಪಾಸಿಟರ್ ದೋಷ. ಬಿಗಿಯಾಗಿದ್ದರೆ ಬ್ರೇಕ್ ಕಚ್ಚಿದೆ ಅಥವಾ ಸಂದಿಯಲ್ಲಿ ಬಟ್ಟೆ ಸಿಕ್ಕಿದೆ. ಅನೇಕ ಮೆಷಿನ್‌ಗಳಲ್ಲಿ ವಾಷ್ ಮೋಟರಿಗೂ ಡ್ರೈಯರಿಗೂ ಸೇರಿ ಮೂರು ವೈರಿನ ಒಂದೇ ಕೆಪಾಸಿಟರ್ ಇರುತ್ತದೆ. ಮೇಲೆ ಎರಡು ಅಂಕಿ ಬರೆದಿರುತ್ತದೆ, ಉದಾಹರಣೆಗೆ 10+5 ಮೈಕ್ರೋಫ್ಯಾರಡ್. ಸಣ್ಣ ಅಂಕಿ ಡ್ರೈಯರಿನದು. ಅದೇ ಅಂಕಿಯದೇ ತನ್ನಿ. ವೋಲ್ಟೇಜ್ ಹಳೆಯದರಷ್ಟೇ ಇರಲಿ, ಕಡಿಮೆ ಬೇಡ.

ಪ್ರಶ್ನೆ: ಇಲ್ಲಿ ಮನೆ ಕೊಂಡಾಗಲೇ ಇದ್ದ ಎಲೆಕ್ಟ್ರಿಕ್ ಡ್ರೈಯರ್. ಚಾಲೂ ಮಾಡಿದರೆ ಧಡ್ ಧಡ್, ಬಿಸಿಯಾದ ಮೇಲೆ ಕೀಚಲು ಸದ್ದು. ಸರ್ವಿಸ್‌ನವರು ಬಂದು ನೋಡುವುದಕ್ಕೇ ದುಬಾರಿ. ನಾವೇ ಮಾಡಬಹುದೇ? – ನ್ಯೂಜೆರ್ಸಿ

ಉತ್ತರ: ಮಾಡಬಹುದು, ಒಂದು ಮಧ್ಯಾಹ್ನದ ಕೆಲಸ. ಅಲ್ಲಿನ ಎಲೆಕ್ಟ್ರಿಕ್ ಡ್ರೈಯರ್ 240 ವೋಲ್ಟಿನದು. ಪ್ಲಗ್ ಕಿತ್ತು, ಮನೆಯ ವಿದ್ಯುತ್ ಬೋರ್ಡಿನ ಸ್ವಿಚ್ಚನ್ನೂ (ಬ್ರೇಕರ್) ಆಫ್ ಮಾಡಿ. ಗ್ಯಾಸಿನದಾಗಿದ್ದರೆ ಅನಿಲದ ವಾಲ್ವನ್ನೂ ಮುಚ್ಚಬೇಕಿತ್ತು.

ಡ್ರಮ್ಮಿನ ಹಿಂಭಾಗ ಎರಡು ರೋಲರುಗಳ ಮೇಲೆ ಉರುಳುತ್ತದೆ. ಮುಂಭಾಗ ಕೆಲವದರಲ್ಲಿ ರೋಲರ್ ಮೇಲೆ, ಕೆಲವದರಲ್ಲಿ ನೈಲಾನ್ ಪಟ್ಟಿಯ ಮೇಲೆ ಜಾರುತ್ತದೆ. ಧಡ್ ಧಡ್ ಎಂದರೆ ರೋಲರಿನ ರಬ್ಬರ್ ಒಂದು ಕಡೆ ಸವೆದು ಚಪ್ಪಟೆಯಾಗಿದೆ. ಕೀಚಲು ಸದ್ದು ಬೆಲ್ಟನ್ನು ಬಿಗಿಯಾಗಿಡುವ ಐಡ್ಲರ್ ಪುಲ್ಲಿಯದು, ಇಲ್ಲವೇ ರೋಲರಿನ ಅಚ್ಚಿನದು. ತಗಡು ಕೆರೆದ ಸದ್ದಾಗಿದ್ದರೆ ಮುಂದಿನ ಪಟ್ಟಿ ಸವೆದಿದೆ ಅಥವಾ ಗಾಳಿ ತಳ್ಳುವ ಫ್ಯಾನಿನಲ್ಲಿ (ಬ್ಲೋವರ್) ನಾಣ್ಯ ಸಿಕ್ಕಿದೆ ಎನ್ನಬಹುದಿತ್ತು. ನಿಮ್ಮದರಲ್ಲಿ ರೋಲರ್, ಪುಲ್ಲಿ ಎರಡೂ ಸವೆದಿರುವಂತಿದೆ. ಹಿಂದಿನ ಎರಡು ರೋಲರ್, ಪುಲ್ಲಿ, ಬೆಲ್ಟ್ ಒಟ್ಟಿಗೇ ಇರುವ ಕಿಟ್ ಸಿಗುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಮಾಡೆಲ್ ಸಂಖ್ಯೆ ಕೊಟ್ಟು ತರಿಸಿ.

ಲಿಂಟ್, ಅಂದರೆ ಬಟ್ಟೆಯಿಂದ ಉದುರುವ ನೂಲಿನ ಎಳೆ ಹಿಡಿಯುವ ಜಾಲರಿ ಮೇಲ್ಭಾಗದಲ್ಲಿರುವ ಮಾಡೆಲ್ ಎಂದುಕೊಂಡು ಹೇಳುತ್ತೇವೆ. ಜಾಲರಿ ಎಳೆದು ಅಲ್ಲಿರುವ ಎರಡು ಸ್ಕ್ರೂ ಬಿಚ್ಚಿ. ಮೇಲ್ಹೊದಿಕೆಯ ಮುಂದಿನ ಎರಡು ಮೂಲೆಗಳ ಹತ್ತಿರ ಚಪ್ಪಟೆ ಪಟ್ಟಿ ತೂರಿಸಿ ಒತ್ತಿದರೆ ಕ್ಲಿಪ್ ಬಿಟ್ಟು ಹೊದಿಕೆ ಮೇಲೇಳುತ್ತದೆ. ಬಾಗಿಲ ಸ್ವಿಚ್ಚಿನ ವೈರ್ ಬಿಡಿಸಿ, ಒಳಗಿನಿಂದ ಎರಡು ಸ್ಕ್ರೂ ತೆಗೆದು, ಡ್ರಮ್ಮಿಗೆ ಕೈ ಆನಿಸಿಕೊಂಡೇ ಮುಂದಿನ ತಗಡು ಕಳಚಿ. ಕೆಳಗೆ ಕೈ ಹಾಕಿ ಪುಲ್ಲಿ ಒತ್ತಿ ಬೆಲ್ಟ್ ಜಾರಿಸಿದರೆ ಡ್ರಮ್ ಹೊರಬರುತ್ತದೆ. ಈಗ ರೋಲರನ್ನು ಬೆರಳಲ್ಲಿ ತಿರುಗಿಸಿ. ಅಲುಗಾಡಿದರೆ, ತೊಡಕಿ ನಿಂತರೆ ಸವೆತ ಅಲ್ಲೇ. ತ್ರಿಕೋನದ ಕ್ಲಿಪ್ ಕಿತ್ತು ಹಳೆಯದನ್ನು ಎಳೆದು, ಅಚ್ಚಿಗೆ ಮೆತ್ತಿದ ಲಿಂಟ್ ಒರೆಸಿ, ಹೊಸದನ್ನು ತೂರಿಸಿ.

ಬೆಲ್ಟ್ ಹಾಕುವುದರಲ್ಲೇ ಹೆಚ್ಚಿನವರು ಸೋಲುವುದು. ಗೀರುಗಳಿರುವ ಮೈ ಡ್ರಮ್ಮಿನ ಕಡೆಗಿರಲಿ. ಮೋಟರಿನ ಗಾಲಿಗೆ ಬೆಲ್ಟಿನ ಕೊಂಡಿ ಸಿಕ್ಕಿಸಿ, ಪುಲ್ಲಿಯನ್ನು ಮೋಟರಿನ ಕಡೆ ಒತ್ತಿ ಹಿಡಿದು ಅದರಡಿಯಿಂದ ತನ್ನಿ. ಮುಚ್ಚುವ ಮುಂಚೆ ಡ್ರಮ್ಮನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಬೆಲ್ಟ್ ಹೊರಳಿದ್ದರೆ ಆಗಲೇ ತಿಳಿಯುತ್ತದೆ.

ತೆರೆದಿದ್ದೀರಿ, ಒಳಗಿನ ಲಿಂಟನ್ನೆಲ್ಲ ವ್ಯಾಕ್ಯೂಮಿನಲ್ಲಿ ಎಳೆದು ತೆಗೆಯಿರಿ. ಅಮೆರಿಕದ ಅಗ್ನಿಶಾಮಕ ಇಲಾಖೆಯ ಲೆಕ್ಕದಲ್ಲೂ ಡ್ರೈಯರ್ ಬೆಂಕಿಗೆ ಮೊದಲ ಕಾರಣ ಶುಚಿ ಮಾಡದಿರುವುದೇ. ಹಿಂದಿನ ಗಾಳಿಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೆ 4 ಇಂಚಿನ ಲೋಹದ ಕೊಳವೆ ಹಾಕಿಸಿ.

ಪ್ರಶ್ನೆ: ಸದ್ದು ನಿಲ್ಲಲು ಡ್ರೈಯರಿಗೆ ಕೊಬ್ಬರಿ ಎಣ್ಣೆ ಬಿಡಬಹುದೇ? – ತಿಪಟೂರು

ಉತ್ತರ: ತಿಪಟೂರಿನಿಂದ ಈ ಪ್ರಶ್ನೆ ಬರದೆ ಇನ್ನೆಲ್ಲಿಂದ ಬರಬೇಕು! ಬೇಡ. ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಮೂರು ಹನಿಯನ್ನು ಮೋಟರಿನ ಮೇಲ್ಗಡೆಯ ಬುಷ್‌ಗೆ ಬಿಟ್ಟರೆ ಕೆಲವು ತಿಂಗಳು ಸುಮ್ಮನಿದ್ದೀತು. ಬ್ರೇಕಿನ ಕಟ್ಟೆಗೆ ಮಾತ್ರ ಒಂದು ಹನಿಯೂ ತಾಗಬಾರದು. ತಾಗಿದರೆ ಮುಚ್ಚಳ ತೆಗೆದರೂ ಟಬ್ ತಿರುಗುತ್ತಲೇ ಇರುತ್ತದೆ.